ಎಕ್ಸ್‌ಗೆ ‘ಕ್ಷ’ ಅಂಟಿಸಿದ್ದು ಯಾಕೆ ಸ್ವಾಮೀ?

ಇಂಗ್ಲಿಷ್ ನಿಘಂಟಿನಲ್ಲಿ ಎಕ್ಸ್‌ನಷ್ಟು ಬಡಪಾಯಿ ಅಕ್ಷರ ಇನ್ನೊಂದಿಲ್ಲ. ಅಷ್ಟು ದಪ್ಪನೆ ಪುಸ್ತಕದಲ್ಲಿ ಅದರ ಪಾಲಿಗೆ ಬಂದಿರೋದು ಒಂದೆರಡು ಪುಟ. ಅದರಲ್ಲೂ ಬಹುಪಾಲು ಗ್ರೀಕರಿಂದ ತಂದ ಸಾಲ. ಮಕ್ಕಳ ಚಾರ್ಟ್ ನೋಡಿ, ಝೈಲೋಫೋನ್ ಇರುತ್ತೆ, ಇಲ್ಲಾಂದ್ರೆ ಎಕ್ಸ್-ರೇ. ಮುಗೀತು! ಆದರೆ ಈ ಬಡಪಾಯಿ ಕನ್ನಡಕ್ಕೆ ಬಂದಾಗ ನಮ್ಮ ಪಾರಿಭಾಷಿಕ ಪದದ ಪಂಡಿತರು ಅದಕ್ಕೆ ಮಾಡಿದ್ದಾರಲ್ಲ ಸನ್ಮಾನ, ಅದರ ಬಗ್ಗೆ ಬಹಳ ದಿನದಿಂದ ಬರೀಬೇಕು ಅಂತಿದ್ದೆ. ಇವತ್ತು ಬರೆದೇ ಬಿಡ್ತೀನಿ.

ನಾನು ಹೇಳ್ತಿರೋದು ‘ಕ್ಷ-ಕಿರಣ’ದ ಬಗ್ಗೆ.

ನಮ್ಮ ಲೋಕಿಕೆರೆಯಲ್ಲಿ ಯಾರಾದರೂ ಬಿದ್ದು ಕೈ ಮುರಿದುಕೊಂಡರೆ ‘ದಾವಣಗೆರೆಗೆ ಹೋಗಿ ಒಂದು ಎಕ್ಸ್‌ರೇ ತೆಗೆಸ್ಕೊಂಡ್ ಬಾ’ ಅಂತಾರೆ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಯೂ ಹಾಗೇ ಅನ್ನೋದು. ‘ಕ್ಷ-ಕಿರಣ ತೆಗೆಸು’ ಅಂದವರನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಆದರೆ ಆಸ್ಪತ್ರೆ ಬಾಗಿಲ ಮೇಲೆ ‘ಕ್ಷ-ಕಿರಣ ವಿಭಾಗ’ ಅಂತ ಬರೆದಿರುತ್ತೆ. ಅದೇ ಬಾಗಿಲ ಮುಂದೆ ನಿಂತು ‘ಎಕ್ಸ್‌ರೇ ರೂಮ್ ಎಲ್ಲಿ ಬರ್ತತಿ ಯಣ್ಣಾ?’ ಅಂತ ಕೇಳೋರನ್ನು ಕಂಡಿದ್ದೀನಿ. ಅವರಿಗೆ ಕನ್ನಡ ಓದೋಕೆ ಬರಲ್ಲ ಅಂತಲ್ಲ, ಚೆನ್ನಾಗೇ ಬರುತ್ತೆ. ಓದಿದ್ದು ಅರ್ಥ ಆಗಲಿಲ್ಲ ಅಷ್ಟೆ.

ಸರಿ, ಈ ಎಕ್ಸ್ ಎಲ್ಲಿಂದ ಬಂತು? 1895ರ ನವೆಂಬರ್ 8. ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಕತ್ತಲೆ ಕೋಣೆಯಲ್ಲಿ ಕ್ಯಾಥೋಡ್ ಕಿರಣಗಳ ಪ್ರಯೋಗ ಮಾಡ್ತಿದ್ದ. ಗಾಜಿನ ಕೊಳವೆಗೆ ಕಪ್ಪು ರಟ್ಟು ಸುತ್ತಿದ್ದರೂ, ದೂರದಲ್ಲಿದ್ದ ರಾಸಾಯನಿಕ ಬಳಿದ ಪರದೆ ಮಿಣಮಿಣ ಹೊಳೀತು. ರಟ್ಟು ತೂರಿ ಬಂದಿದ್ದು ಏನು? ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಬೀಜಗಣಿತದಲ್ಲಿ ಏನಂತಾರೆ? ಎಕ್ಸ್ ಅಂತಾರೆ. ಹಾಗಾಗಿ ಎಕ್ಸ್-ಕಿರಣ ಅಂತ ಕರೆದ. ಗೊತ್ತಿರೋದಕ್ಕೆ ಎ, ಬಿ, ಸಿ, ಗೊತ್ತಿಲ್ಲದ್ದಕ್ಕೆ ಎಕ್ಸ್, ವೈ, ಜೆಡ್ ಅನ್ನೋ ರೂಢಿ ಹಾಕಿದವನು ಫ್ರಾನ್ಸಿನ ಡೆಕಾರ್ಟ್, 1637ರಲ್ಲಿ. ಅಂದರೆ ಆ ಹೆಸರಿನಲ್ಲಿ ಒಬ್ಬ ವಿಜ್ಞಾನಿಯ ‘ನನಗಿದು ಏನಂತ ಗೊತ್ತಿಲ್ಲಪ್ಪಾ’ ಅನ್ನೋ ಮಾತು ಕೂತಿದೆ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಸಿಕ್ಕಿದ್ದು ಇದೇ ಕೆಲಸಕ್ಕೆ. ಇಷ್ಟು ಚಂದದ ಕಥೆ ‘ಕ್ಷ’ದಲ್ಲಿ ಎಲ್ಲಿದೆ ಹೇಳಿ?

ನಮ್ಮ ಕನ್ನಡ ಮೀಡಿಯಂ ಗಣಿತದ ಪುಸ್ತಕದಲ್ಲಿ ಅವ್ಯಕ್ತಕ್ಕೆ ‘ಕ್ಷ’ ಅಂತ ಬರೀತಾರಾ? ಇಲ್ಲ. ಅಲ್ಲಿ ಇಂಗ್ಲಿಷ್ ಎಕ್ಸೇ ಇರುತ್ತೆ. ಜೀವಶಾಸ್ತ್ರಕ್ಕೆ ಬನ್ನಿ. 1891ರಲ್ಲಿ ಹೆನ್ಕಿಂಗ್ ಅನ್ನುವವನು ಕೀಟದ ಜೀವಕೋಶದಲ್ಲಿ ಕಂಡದ್ದು ಏನೆಂದು ತಿಳಿಯದೆ ಎಕ್ಸ್ ಅಂತ ಗುರುತು ಹಾಕಿದ. ಅದೇ ಮುಂದೆ ಎಕ್ಸ್ ಕ್ರೋಮೋಸೋಮ್ ಆಯ್ತು. ಕನ್ನಡದಲ್ಲಿ ಅದನ್ನ ಎಕ್ಸ್ ವರ್ಣತಂತು ಅಂತೀವಿ, ‘ಕ್ಷ-ವರ್ಣತಂತು’ ಅನ್ನಲ್ಲ. ಒಂದೇ ಎಕ್ಸ್, ಒಂದೇ ಕಾರಣ, ಆದರೆ ಭೌತಶಾಸ್ತ್ರದ ಪಾಠದಲ್ಲಿ ಮಾತ್ರ ಅದಕ್ಕೆ ಮಡಿ ಉಡಿಸ್ತೀವಿ! 2023ರ ಜುಲೈನಲ್ಲಿ ಟ್ವಿಟ್ಟರ್ ತನ್ನ ಹೆಸರನ್ನ ಎಕ್ಸ್ ಅಂತ ಬದಲಾಯಿಸಿಕೊಳ್ತಲ್ಲ, ಆಗ ‘ಸಚಿವರು ಕ್ಷದಲ್ಲಿ ಪೋಸ್ಟ್ ಮಾಡಿದ್ದಾರೆ’ ಅಂತ ಯಾವ ಕನ್ನಡ ಪೇಪರ್ ಆದ್ರೂ ಬರೀತಾ? :-)

ಮರಾಠಿಯವರೂ ‘ಕ್ಷ-ಕಿರಣ’ ಅಂತಾರಲ್ಲ ಅಂತ ಕೇಳಬಹುದು. ಹೌದು. ಆದರೆ ಅವರಲ್ಲಿ ಗೊತ್ತಿಲ್ಲದ್ದಕ್ಕೆ ‘ಕ್ಷ’ ಅನ್ನೋ ರೂಢಿ ಇದೆ, ಹಾಗಾಗಿ ಅಲ್ಲಿ ಆ ಪದಕ್ಕೆ ಹುರುಳಿದೆ. ನಮಗೆ ಆ ರೂಢಿ ಇಲ್ಲ, ಬರೀ ಪದ ಇದೆ. ವೇರಿಯೇಬಲ್ ಡಿಕ್ಲೇರ್ ಮಾಡದೇ ಬಳಸಿದ ಹಾಗೆ. ನಮ್ಮ ಕೆಲಸದಲ್ಲಿ ಹೀಗೆ ಮಾಡಿದ್ರೆ ಕಂಪೈಲರ್ ಮುಖಕ್ಕೆ ಉಗಿಯುತ್ತೆ.

ಸಂಸ್ಕೃತದಿಂದಲೇ ಬೇಕಿದ್ದರೆ ಸರಿಯಾದದ್ದು ಇತ್ತಲ್ಲ? 1150ರ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಗೊತ್ತಿಲ್ಲದ ಮೊತ್ತಕ್ಕೆ ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’ ಅಂತ ಹೆಸರು. ಚಿಕ್ಕದಾಗಿ ‘ಯಾ’. ಎರಡನೇ ಅವ್ಯಕ್ತ ಬಂದರೆ ಕಾಲಕ, ಆಮೇಲೆ ನೀಲಕ, ಪೀತಕ, ಹೀಗೆ ಬಣ್ಣಗಳು. ಆ ಲೆಕ್ಕದಲ್ಲಿ ‘ಯಾ-ಕಿರಣ’ ಅಂದಿದ್ದರೆ ಒಪ್ಪಬಹುದಿತ್ತು. ಅಚ್ಚಗನ್ನಡ ಬೇಕೇ? ತಮಿಳರು ‘ಊಡುಕದಿರ್’ ಅಂತಾರೆ, ಒಳಗೆ ತೂರಿ ಹೋಗುವ ಕದಿರು. ಕದಿರು ನಮ್ಮದೂ ಹೌದು. ‘ತೂರುಗದಿರು’ ಅನ್ನಿ, ಕೇಳಿದ ತಕ್ಷಣ ಅದು ಏನು ಮಾಡುತ್ತೆ ಅಂತ ಗೊತ್ತಾಗುತ್ತೆ. ಇಂಥ ಒಳ್ಳೇ ಪದ ನಾವೂ ಕಟ್ಟಿದ್ದೀವಿ. ಫೋಟೋಕಾಪಿಗೆ ‘ನೆರಳಚ್ಚು’ ಅಂದವರಿಗೆ ನನ್ನ ದೊಡ್ಡ ನಮಸ್ಕಾರ. ಬೆಳ್ಳಾವೆ ವೆಂಕಟನಾರಣಪ್ಪನವರಂಥವರು 1918ರಲ್ಲೇ ‘ವಿಜ್ಞಾನ’ ಅಂತ ಪತ್ರಿಕೆ ತಂದ ಭಾಷೆ ಇದು. ಕನ್ನಡದಲ್ಲಿ ಪದ ಕಟ್ಟಲೇಬಾರದು ಅನ್ನೋ ಜಾತಿಯವನಲ್ಲ ನಾನು. ನನ್ನ ಜಗಳ ಕಟ್ಟೋದರ ಜೊತೆ ಅಲ್ಲ, ಅಂಟಿಸೋದರ ಜೊತೆ.

ಜನ ಏನು ಮಾಡ್ತಾರೆ ನೋಡಿ. ದಾವಣಗೆರೆಯ ಯಾವ ಕಾಲೇಜಿನ ಎದುರು ನಿಂತರೂ ಸಾಲು ಸಾಲು ‘ಜೆರಾಕ್ಸ್’ ಅಂಗಡಿ. ಜೆರಾಕ್ಸ್ ಅನ್ನೋದು ಅಮೆರಿಕದ ಒಂದು ಕಂಪನಿಯ ಹೆಸರು. 1938ರಲ್ಲಿ ಚೆಸ್ಟರ್ ಕಾರ್ಲ್‌ಸನ್ ಮೊದಲ ಪ್ರತಿ ತೆಗೆದ, 1959ರಲ್ಲಿ 914 ಅನ್ನೋ ಯಂತ್ರ ಬಂತು. ಶಾಯಿ ನೀರು ಏನೂ ಬೇಡದ ಒಣ ವಿಧಾನವಾದ್ದರಿಂದ ಗ್ರೀಕ್‌ನ ‘ಕ್ಸೇರೋಸ್’, ಅಂದರೆ ಒಣ, ಅನ್ನೋ ಪದದಿಂದ ಹೆಸರಿಟ್ಟರು. ಪದದ ಶುರುವಿನಲ್ಲಿ ‘ಕ್ಸ’ ಹೇಳೋಕೆ ಇಂಗ್ಲಿಷರ ನಾಲಿಗೆಗೂ ಆಗಲ್ಲ, ‘ಝ’ ಮಾಡಿಕೊಂಡರು. ನಾವು ‘ಜ’ ಮಾಡಿಕೊಂಡ್ವಿ. ಆದರೂ ‘ಕ್ಸೆರಾಕ್ಸ್’ ಅಂತ ಬೋರ್ಡ್ ಬರೆಸಿ ಇದೇ ಶುದ್ಧ ಅನ್ನೋರಿದ್ದಾರೆ! ನಾಲಿಗೆಗೆ ತಕ್ಕಂತೆ ಬದಲಾಯಿಸೋದು ತಪ್ಪಾಗಿದ್ದರೆ ಯಕ್ಷ ಜಕ್ಕ ಆಗುತ್ತಿರಲಿಲ್ಲ, ಪಕ್ಷಿ ಹಕ್ಕಿ ಆಗುತ್ತಿರಲಿಲ್ಲ. ಹಳೆಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಇಂಥ ತದ್ಭವಗಳಿಗೆ ಒಂದು ಪ್ರಕರಣ ಕೊಟ್ಟಿದ್ದಾನೆ.

ಇನ್ನೊಂದು ಮಜಾ ಕೇಳಿ. ಆ ಗ್ರೀಕ್ ‘ಕ್ಸೇರೋಸ್’ ಮತ್ತು ಸಂಸ್ಕೃತದ ‘ಕ್ಷಾರ’ ಒಂದೇ ಬೇರಿನವು ಅಂತ ಭಾಷಾಶಾಸ್ತ್ರಜ್ಞರು ಹೇಳ್ತಾರೆ. ಕ್ಷಾರದಿಂದಲೇ ನಮ್ಮ ಖಾರ. ಅಂದಮೇಲೆ ಜೆರಾಕ್ಸ್ ಅಂಗಡಿಯೂ ಅದರ ಪಕ್ಕದ ಖಾರ ಮಂಡಕ್ಕಿ ಗಾಡಿಯೂ ದೂರದ ನೆಂಟರು! ಝೇವಿಯರ್ ಅನ್ನೋ ಹೆಸರೂ ಹಾಗೇ. ಅದರ ಮೂಲ ಬಾಸ್ಕ್ ಭಾಷೆಯ ‘ಹೊಸ ಮನೆ’. ನಮ್ಮ ಕಡೆ ಎಷ್ಟು ಜನ ಹೊಸಮನಿಗಳಿದ್ದಾರೆ ಲೆಕ್ಕ ಹಾಕಿ.

ನನ್ನ ಸಿಟ್ಟಿಗೆ ಕಾರಣ ಇರೋದು ಹಳ್ಳಿ ಹುಡುಗರ ವಿಷಯದಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ, ಪಿಯುಸಿಗೆ ಅಂತ ದಾವಣಗೆರೆ ಬಸ್ ಹತ್ತುವ ಹುಡುಗಿಗೆ ಮೊದಲ ದಿನದಿಂದ ಎಲ್ಲಾ ಇಂಗ್ಲಿಷ್. ‘ತೂರುಗದಿರು’ ಕಲಿತಿದ್ದರೆ ಅದರ ಗುಣವಾದರೂ ತಲೆಯಲ್ಲಿರುತ್ತಿತ್ತು. ‘ಎಕ್ಸ್-ಕಿರಣ’ ಕಲಿತಿದ್ದರೆ ಹೆಸರಾದರೂ ಕೈ ಹಿಡೀತಿತ್ತು. ‘ಕ್ಷ-ಕಿರಣ’ದಿಂದ ಎರಡೂ ಇಲ್ಲ, ಒಂದು ಅಂಕದ ಪ್ರಶ್ನೆಗೆ ಉರು ಹೊಡೆದಿದ್ದಷ್ಟೇ ಲಾಭ. ಆಮೇಲೆ ‘ಕನ್ನಡದಲ್ಲಿ ವಿಜ್ಞಾನ ಕಷ್ಟ’ ಅಂತ ಷರಾ ಬರೆಯೋರೂ ನಾವೇ.

ಪಠ್ಯಪುಸ್ತಕ ಪರಿಷ್ಕರಣೆ ಅಂತ ಆಗಾಗ ಆಗುತ್ತಲ್ಲ, ಮುಂದಿನ ಸಲ ಈ ಒಂದು ಪದ ತೆಗೆದು ‘ಎಕ್ಸ್-ಕಿರಣ’ ಅಂತ ಹಾಕಿ, ಪಕ್ಕದಲ್ಲಿ ರಾಂಟ್‌ಜನ್ ಕಥೆ ನಾಲ್ಕು ಸಾಲು ಬರೀರಿ. ಒಂದು ಪೈಸೆ ಖರ್ಚಿಲ್ಲ.

ಬ್ಲಾಗಿಸುವ ಗೆಳೆಯರೇ, ನಿಮ್ಮೂರ ಆಸ್ಪತ್ರೆ ಬಾಗಿಲ ಮೇಲೆ ಏನಂತ ಬರೆದಿದ್ದಾರೆ? ನೋಡಿ ಬಂದು ಕಾಮೆಂಟಿಸಿ. ‘ಕ್ಷ’ ಪರ ವಾದ ಮಾಡೋರಿದ್ದರೂ ಸ್ವಾಗತ, ಆದರೆ ಮೊದಲು ನಿಮ್ಮನೆ ಅಜ್ಜಿ ಎಕ್ಸ್‌ರೇಗೆ ಏನಂತಾರೆ ಅಂತ ಕೇಳ್ಕೊಂಡು ಬನ್ನಿ.