ಆಟ ಕಟ್ಟುವ ವಿದ್ಯೆ

ಕೇಂದ್ರ ಸರ್ಕಾರದ 2026–27ನೆಯ ಸಾಲಿನ ಆಯವ್ಯಯವನ್ನು ಮಂಡಿಸುವಾಗ ಅರ್ಥಸಚಿವರು ಆಡಿದ ಒಂದು ಮಾತು, ತೆರಿಗೆ ಸುಂಕಗಳ ಗದ್ದಲದಲ್ಲಿ ಅನೇಕರ ಕಿವಿಗೆ ಬಿದ್ದಿರಲಾರದು. ಅನಿಮೇಷನ್, ಚಲಚ್ಚಿತ್ರದ ದೃಶ್ಯಚಮತ್ಕಾರ, ವಿಡಿಯೋ ಆಟ, ಚಿತ್ರಕಥೆ ಈ ನಾಲ್ಕು ಕಸಬುಗಳಿಗೆ 2030ರ ವೇಳೆಗೆ ಇಪ್ಪತ್ತು ಲಕ್ಷ ಜನರು ಬೇಕಾಗುವರೆಂದೂ, ಮುಂಬಯಿಯಲ್ಲಿ ಇದಕ್ಕಾಗಿಯೇ ಸ್ಥಾಪಿತವಾದ ಸಂಸ್ಥೆಯ ಮೂಲಕ 15,000 ಪ್ರೌಢಶಾಲೆಗಳಲ್ಲಿಯೂ 500 ಕಾಲೇಜುಗಳಲ್ಲಿಯೂ ಪ್ರಯೋಗಶಾಲೆಗಳನ್ನು ತೆರೆಯಲು ನೆರವು ಕೊಡಲಾಗುವುದೆಂದೂ ಅವರು ಸಾರಿದರು. ನಮ್ಮ ರಾಜ್ಯವಾದರೋ ಈ ದಾರಿಯಲ್ಲಿ ಉಳಿದವರಿಗಿಂತ ಮುಂದಿದೆ. 2012ರಲ್ಲಿಯೇ ಈ ಕಸಬುಗಳಿಗಾಗಿ ಒಂದು ನೀತಿಯನ್ನು ಪ್ರಕಟಿಸಿದ ಕರ್ನಾಟಕವು 2024ರಲ್ಲಿ ಇನ್ನೊಂದನ್ನು ಹೊರಡಿಸಿ, 30,000 ಹೊಸ ಉದ್ಯೋಗಗಳ ಗುರಿಯನ್ನು ಇಟ್ಟುಕೊಂಡಿದೆ. ಇದೆಲ್ಲವೂ ಸಂತೋಷದ ವಿಷಯವೇ. ಆದರೆ ಎಲ್ಲರ ಬಾಯಲ್ಲಿಯೂ ಕೇಳಿಬರುತ್ತಿರುವುದು ಆಳುಗಳ ಲೆಕ್ಕ. ಆ ಆಳುಗಳು ಕಟ್ಟುವ ಆಟಕ್ಕೆ ಒಡೆಯರು ಯಾರಾಗುವರೆಂಬ ಪ್ರಶ್ನೆಯನ್ನು ಎತ್ತುವವರು ವಿರಳ. ನಮ್ಮ ವಿಶ್ವವಿದ್ಯಾನಿಲಯಗಳು ಈ ಪ್ರಶ್ನೆಯನ್ನು ಬದಿಗಿಟ್ಟು ಪಾಠಪಟ್ಟಿಯನ್ನು ಬರೆದರೆ ಮುಂದಿನ ಪೀಳಿಗೆಯು ಕೂಲಿಯ ಕೈಯಾಗಿಯೇ ಉಳಿಯುವುದೆಂಬ ಭಯ ನಮಗಿದೆ.

ಮೊದಲು ಮನೆಯೊಳಗಿನ ಸಂಕಟವನ್ನು ಹೇಳಬೇಕು. ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ “ನಾನು ವಿಡಿಯೋ ಆಟಗಳ ರಚನೆಯನ್ನು ಓದುತ್ತೇನೆ” ಎಂದೊಡನೆ, ಕಚೇರಿಯಿಂದ ದಣಿದು ಬಂದ ತಂದೆಯು ಬೆಚ್ಚಿಬೀಳುತ್ತಾನೆ. ಆಟವಾಡಬೇಡವೆಂದು ಹತ್ತು ವರ್ಷ ಗದರಿಸಿದ್ದ ಮನೆಯಲ್ಲಿ ಈಗ ಆಟಕ್ಕೇ ಲಕ್ಷಗಟ್ಟಲೆ ಶುಲ್ಕವೆಂದರೆ ಬೆಚ್ಚದಿರುವುದೆಂತು? ಅದರ ಮೇಲೆ, ಆಟವೆಂಬ ಶಬ್ದಕ್ಕೆ ಜೂಜಿನ ಮಸಿ ಬಳಿದುಕೊಂಡು ಬಹುಕಾಲವಾಯಿತು. ಹಣವನ್ನು ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವು 2025ರ ಆಗಸ್ಟ್ ತಿಂಗಳಿನಲ್ಲಿ ಸಂಸತ್ತಿನಲ್ಲಿ ಅಂಗೀಕೃತವಾಯಿತು. ಅದುವರೆಗೆ ನಮ್ಮ ದೇಶದಲ್ಲಿ ಆಟದ ಉದ್ಯಮವೆಂದು ಮೆರೆದುದರಲ್ಲಿ ಬಹುಪಾಲು ವರಮಾನ ಈ ಪಣದ ವ್ಯವಹಾರದ್ದಾಗಿತ್ತು. ಕಳೆ ಕಿತ್ತ ಮೇಲೆ ಗದ್ದೆಯಲ್ಲಿ ಪೈರೆಷ್ಟಿದೆಯೆಂದು ಈಗಲಾದರೂ ಕಾಣುವ ಹಾಗಾಗಿದೆ. ಪಣದ ಆಟವನ್ನು ನಡೆಸುವುದೂ ಆಟವನ್ನು ಕಟ್ಟುವುದೂ ಒಂದೇ ಅಲ್ಲವೆಂಬುದನ್ನು ತಂದೆತಾಯಿಗಳೂ ಅಧಿಕಾರಿವರ್ಗದವರೂ ಮನಗಾಣತಕ್ಕದ್ದು.

ಕಟ್ಟುವ ಕೆಲಸವೆಂದರೇನೆಂಬುದಕ್ಕೆ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಕಥೆಯನ್ನು ನೋಡೋಣ. ಈ ಊರಿನ ಹೆಸರು ನಮ್ಮ ದೇಶಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂಗಾಳದ ರೈತರು ಬೆಳೆದ ಸೆಣಬು ಹಡಗುಗಳಲ್ಲಿ ಡಂಡೀಗೆ ಹೋಗುತ್ತಿತ್ತು. ಅಲ್ಲಿಯ ಗಿರಣಿಗಳಲ್ಲಿ ನೂಲಾಗಿ, ಗೋಣಿಯಾಗಿ, ಜಗತ್ತಿಗೆಲ್ಲ ಮಾರಾಟವಾಗುತ್ತಿತ್ತು. ಕಚ್ಚಾಮಾಲು ನಮ್ಮದು, ಲಾಭ ಅವರದು. ಮುಂದೆ ಕಲ್ಕತ್ತೆಯ ದಂಡೆಯಲ್ಲಿಯೇ ಗಿರಣಿಗಳು ಎದ್ದ ಮೇಲೆ ಡಂಡೀಯ ಸೆಣಬು ಸೊರಗಿತು. ಆ ಬಳಿಕ ಆ ಊರಿಗೆ ಅನ್ನ ಕೊಟ್ಟ ಕಾರ್ಖಾನೆಗಳಲ್ಲಿ ಟೈಮೆಕ್ಸ್ ಕೈಗಡಿಯಾರದ ಕಾರ್ಖಾನೆಯೂ ಒಂದು. 1980ರ ದಶಕದಲ್ಲಿ ಸಿಂಕ್ಲೇರ್ ಕಂಪನಿಯ ಅಗ್ಗದ ಮನೆ-ಕಂಪ್ಯೂಟರುಗಳು ಅಲ್ಲಿಯೇ ತಯಾರಾದವು. ಕೂಲಿಕಾರರ ಮಕ್ಕಳ ಕೈಗೆ ಅವು ಸುಲಭವಾಗಿ ಸಿಕ್ಕಿದವು. ಆ ಕಾರ್ಖಾನೆಯಲ್ಲಿ ದುಡಿದಿದ್ದ ಡೇವಿಡ್ ಜೋನ್ಸ್ ಎಂಬ ತರುಣನು ಗೆಳೆಯರೊಡನೆ ಡಿ.ಎಂ.ಎ. ಡಿಸೈನ್ ಎಂಬ ಸಂಸ್ಥೆಯನ್ನು ಕಟ್ಟಿ, 1991ರಲ್ಲಿ ‘ಲೆಮ್ಮಿಂಗ್ಸ್’ ಎಂಬ ಆಟವನ್ನೂ, 1997ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಎಂಬುದನ್ನೂ ಹೊರತಂದನು. ಎರಡನೆಯದರ ನೀತಿಯನ್ನು ನಾವು ಹೊಗಳಲಾರೆವು; ಕಾರು ಕದಿಯುವವನನ್ನು ನಾಯಕನನ್ನಾಗಿ ಮಾಡಿದ ಆಟವದು. ಟೈಮೆಕ್ಸ್ ಕಾರ್ಖಾನೆ 1993ರಲ್ಲಿ ಬಾಗಿಲು ಹಾಕಿತು. ಆದರೆ 1997ರಲ್ಲಿ ಆ ಊರಿನ ಆಬರ್ಟೇ ವಿಶ್ವವಿದ್ಯಾನಿಲಯವು ಕಂಪ್ಯೂಟರ್ ಆಟಗಳ ವಿಷಯದಲ್ಲಿ ಪದವಿಯ ತರಗತಿಯನ್ನು ತೆರೆಯಿತು. ಜಗತ್ತಿನಲ್ಲಿ ಇಂತಹ ಪದವಿಗಳಲ್ಲಿ ತನ್ನದೇ ಮೊದಲನೆಯದೆಂದು ಅದು ಹೇಳಿಕೊಳ್ಳುತ್ತದೆ.

ಅದೇ 1997ರಲ್ಲಿ ನಮ್ಮ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಹುಟ್ಟಿತು. ಆಟದ ವಿಷಯದಲ್ಲಿ ಈ ದೇಶದಲ್ಲಿ ಮೊದಲು ಹೆಜ್ಜೆಯಿಟ್ಟವರಲ್ಲಿ ಅದೂ ಒಂದು. ಅಲ್ಲಿಯ ಕಲಾವಿದರ ಕುಶಲತೆಗೆ ಹೊರದೇಶಗಳಲ್ಲಿ ಮನ್ನಣೆಯಿತ್ತು. ಆದರೆ ಬಹುತೇಕವಾಗಿ ಅವರು ಮಾಡಿದುದು ಬೇರೆಯವರ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಗಿಡಮರಗಳ ಚಿತ್ರಣ. ಕೊನೆಗೆ 2019ರಲ್ಲಿ ಆ ಸಂಸ್ಥೆಯ ಶೇಕಡಾ 90ಕ್ಕೂ ಮಿಕ್ಕ ಪಾಲನ್ನು ಸುಮಾರು 79 ಲಕ್ಷ ಡಾಲರುಗಳಿಗೆ ಕೊಂಡವರು ಯಾರು? ರಾಕ್‌ಸ್ಟಾರ್ ಕಂಪನಿ, ಎಂದರೆ ಡಂಡೀಯ ಆ ತರುಣರು ಕಟ್ಟಿದ ಆಟಕ್ಕೂ ಮುಂದೆ ಅವರ ಸಂಸ್ಥೆಗೂ ಒಡೆಯರಾದವರು. ಆ ಆಟದ ಐದನೆಯ ಅಂಕವು 2013ರಲ್ಲಿ ಬಿಡುಗಡೆಯಾದಾಗ ಮೂರೇ ದಿನಗಳಲ್ಲಿ ನೂರು ಕೋಟಿ ಡಾಲರುಗಳ ಮಾರಾಟವಾಯಿತು. ಒಂದು ಮಾರಾಟದ ಮೊತ್ತ, ಇನ್ನೊಂದು ಪಾಲಿನ ಬೆಲೆ. ಇವೆರಡೂ ಒಂದೇ ಬಗೆಯ ಲೆಕ್ಕವಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಎರಡು ಊರುಗಳ ಕೈಕುಶಲತೆಯಲ್ಲಿ ಇಷ್ಟು ಅಂತರವಿತ್ತೆಂದು ಯಾರು ಒಪ್ಪುವರು? ಇದ್ದ ಅಂತರವು ಒಡೆತನದ್ದು. ಸೆಣಬಿನ ಕಾಲದಲ್ಲಿ ನಾರು ಹೋಗುತ್ತಿತ್ತು. ಈಗ ನಮ್ಮ ಹುಡುಗರ ಕಣ್ಣುಗಳ ಶ್ರಮ ಹೋಗುತ್ತಿದೆ. ಗುತ್ತಿಗೆಯ ಕೆಲಸವನ್ನು ನಾವು ಹಳಿಯುತ್ತಿಲ್ಲ. ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿದೆ. ಆದರೆ ವಿಶ್ವವಿದ್ಯಾನಿಲಯವು ಅದಕ್ಕೆ ಮಾತ್ರ ಆಳುಗಳನ್ನು ಒದಗಿಸುವ ಮೇಸ್ತ್ರಿಯಾಗಬಾರದು.

ಹಾಗಾದರೆ ಅದು ಏನನ್ನು ಕಲಿಸಬೇಕು? ಆಟವೊಂದನ್ನು ಆದಿಯಿಂದ ಅಂತ್ಯದವರೆಗೆ ಕಟ್ಟಿ ಮುಗಿಸುವುದನ್ನು. ಕೇಳುವುದಕ್ಕೆ ಇದು ಸುಲಭ. ಆದರೆ ಒಂದು ಸಣ್ಣ ಆಟದಲ್ಲಿಯೂ ಗಣಿತವಿದೆ: ಎಸೆದ ಚೆಂಡು ಎಲ್ಲಿ ಬೀಳಬೇಕೆಂಬುದನ್ನು ಸದಿಶಗಳಿಂದಲೂ ಮಾತೃಕೆಗಳಿಂದಲೂ ಲೆಕ್ಕಹಾಕಬೇಕು. ಚಿತ್ರಕಲೆಯಿದೆ, ನಾದವಿದೆ, ಕಥೆಯಿದೆ. ಇವೆಲ್ಲಕ್ಕಿಂತ ಮೇಲೆ ನಿಯಮಗಳ ಹೆಣಿಗೆಯಿದೆ. ಕಂಪ್ಯೂಟರಿಲ್ಲದೆಯೇ ಕಾಗದ, ಕವಡೆಗಳಿಂದ ಮೊದಲು ಆಡಿ ನೋಡಬೇಕಾದುದು ಈ ಕೊನೆಯದನ್ನೇ. ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಆಟಗಳನ್ನು ಆಡಿ ಬೆಳೆದ ನಾಡಿಗೆ ಇದು ಪರಕೀಯವೆನ್ನಲಾಗದು. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಮಣೆಯಾಟಗಳನ್ನೂ ಚದ ಎಲೆಯಾಟಗಳನ್ನೂ ನಿರ್ಮಿಸಿ, ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಮೈಸೂರಿನ ಅರಸರಿಗೆ ಗೌರವಕ್ಕೆ ಕುಂದೆನಿಸದ ವಿಷಯವು ನಮ್ಮ ಸೆನೆಟ್ ಸಭೆಗಳ ಸದಸ್ಯರಿಗೆ ಏಕೆ ಹಗುರವಾಗಿ ಕಾಣಬೇಕೋ ತಿಳಿಯದು.

ವಿದ್ಯಾರ್ಥಿಗಳ ಕೈಯಿಂದ ಪೂರ್ಣ ಆಟಗಳನ್ನು ಮಾಡಿಸಿದ ವಿದ್ಯಾಲಯಗಳ ಫಲವನ್ನು ನೋಡಿರಿ. ಅಮೆರಿಕದ ಡಿಜಿಪೆನ್ ಸಂಸ್ಥೆಯ ಕೆಲವು ವಿದ್ಯಾರ್ಥಿಗಳು 2005ರಲ್ಲಿ ಒಂದು ಪುಟ್ಟ ಆಟವನ್ನು ಮಾಡಿದರು. ಅದನ್ನು ಕಂಡ ವಾಲ್ವ್ ಕಂಪನಿಯವರು ಆ ತಂಡವನ್ನೇ ಕೆಲಸಕ್ಕೆ ಕರೆದುಕೊಂಡರು. 2007ರಲ್ಲಿ ಬಂದು ಕೀರ್ತಿ ಪಡೆದ ‘ಪೋರ್ಟಲ್’ ಅದರದೇ ಬೆಳವಣಿಗೆ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಓದಿದ ಜೆನೋವಾ ಚೆನ್ ಎಂಬಾತನ ಪ್ರೌಢಪ್ರಬಂಧವೇ ಒಂದು ಆಟವಾಗಿ, ಮುಂದೆ 2012ರ ‘ಜರ್ನಿ’ಗೆ ದಾರಿಮಾಡಿತು. ನಮ್ಮಲ್ಲಿಯೂ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿ ಆಟದ ವಿನ್ಯಾಸಕ್ಕೆ ಸ್ನಾತಕೋತ್ತರ ತರಗತಿಯಿದೆ. ಆದರೆ ಬೆರಳೆಣಿಕೆಯ ಪೀಠಗಳಿಂದ ಒಂದು ರಾಜ್ಯದ ಹಸಿವು ಹಿಂಗದು. ಉಳಿದೆಡೆ ಬೀದಿಗೊಂದರಂತೆ ಎದ್ದಿರುವ ಖಾಸಗಿ ತರಗತಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ತಂತ್ರಾಂಶದ ಗುಂಡಿಗಳ ಪರಿಚಯ. ಬೆರಳಚ್ಚು ಕಲಿತವನನ್ನು ಸಾಹಿತಿಯೆಂದು ಕರೆದಂತಾಯಿತು! ಆ ಗುಂಡಿಗಳಾದರೂ ಸ್ಥಿರವೇ? ಯೂನಿಟಿ ಎಂಬ ತಂತ್ರಾಂಶದ ಒಡೆಯರು 2023ರ ಸೆಪ್ಟೆಂಬರಿನಲ್ಲಿ, ಆಟವನ್ನು ಅಳವಡಿಸಿಕೊಂಡ ಪ್ರತಿಯೊಂದು ಪ್ರತಿಗೂ ಶುಲ್ಕ ವಸೂಲು ಮಾಡುವೆವೆಂದು ಏಕಾಏಕಿ ಘೋಷಿಸಿದರು. ಜಗತ್ತಿನ ಆಟಗಾರಿಕೆಯ ಕಸಬುದಾರರೆಲ್ಲ ಸಿಡಿದೆದ್ದ ಮೇಲೆ ಒಂದು ವರ್ಷದ ತರುವಾಯ ಅದನ್ನು ಹಿಂತೆಗೆದುಕೊಂಡರು. ಒಬ್ಬ ಒಡೆಯನ ಉಪಕರಣವನ್ನೇ ವಿದ್ಯೆಯೆಂದು ನಂಬಿದವರ ಪಾಡು ಹೀಗೆ. ಗೊಡೋ ಎಂಬಂತಹ, ಯಾರ ಅಪ್ಪಣೆಯೂ ಬೇಡದ ಮುಕ್ತ ತಂತ್ರಾಂಶಗಳು ಇರುವಾಗ ಸರ್ಕಾರದ ಕಾಲೇಜುಗಳು ಅವುಗಳಿಂದಲೇ ಪ್ರಾರಂಭಿಸುವುದು ಲೇಸು.

ಇಲ್ಲಿ ಕನ್ನಡದ ಮಾತೂ ಬರುತ್ತದೆ. ಆಟದ ಎಷ್ಟೋ ತಂತ್ರಾಂಶಗಳಲ್ಲಿ ಕನ್ನಡವನ್ನು ಬರೆದರೆ ಒತ್ತಕ್ಷರಗಳು ಒಡೆದು, ಗುಣಿತಾಕ್ಷರಗಳು ಸ್ಥಾನ ಬಿಟ್ಟು, ಓದಲಾರದ ಹಾಗೆ ಬೀಳುತ್ತವೆ. ರೋಮನ್ ಲಿಪಿಯನ್ನು ಮಾತ್ರ ಮನಸ್ಸಿನಲ್ಲಿಟ್ಟು ರಚಿಸಿದುದರ ಫಲವಿದು. ಇದನ್ನು ಸರಿಪಡಿಸಲು ಮೇಧಾವಿಗಳೇನೂ ಬೇಡ. ಒಂದು ವಿಭಾಗದ ನಾಲ್ವರು ವಿದ್ಯಾರ್ಥಿಗಳಿಗೆ ಒಂದು ವರ್ಷದ ಒಳ್ಳೆಯ ಕೆಲಸವಾದೀತು. ಕೆನಡಾದ ಟೊರಾಂಟೊ ನಗರದಲ್ಲಿ ಒಂದು ಸಣ್ಣ ತಂಡವು ವಲಸೆ ಹೋದ ತಮಿಳು ಕುಟುಂಬವೊಂದರ ಅಡುಗೆಮನೆಯನ್ನೇ ವಸ್ತುವಾಗಿಟ್ಟುಕೊಂಡು 2023ರಲ್ಲಿ ‘ವೆಂಬಾ’ ಎಂಬ ಆಟವನ್ನು ರಚಿಸಿತು. ಇಡ್ಲಿ ಬೇಯಿಸುವುದನ್ನು ಜಗತ್ತು ಆಡಿ ನೋಡಿತು; 2024ರಲ್ಲಿ ಬಾಫ್ಟಾದವರು ಚೊಚ್ಚಲ ಕೃತಿಯ ಪ್ರಶಸ್ತಿಯನ್ನು ಅದಕ್ಕೆ ಕೊಟ್ಟರು. ಇಡ್ಲಿಯು ನಮ್ಮ ಮನೆಗಳಲ್ಲಿಯೂ ಬೇಯುತ್ತದೆಯೆಂಬುದನ್ನು ನೆನಪಿಸುವುದು ಅನಾವಶ್ಯಕ.

ಇಷ್ಟು ಹೇಳಿದ ಮೇಲೆ ಕಹಿಯಾದುದನ್ನೂ ಮುಚ್ಚಿಡಲಾಗದು. ಈ ಕಸಬು ಈಗ ಜಗತ್ತಿನಲ್ಲಿ ಸುಖವಾಗಿಲ್ಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಒಂದೇ ತನ್ನ ಆಟದ ವಿಭಾಗದಿಂದ 1,900 ಜನರನ್ನು ಮನೆಗೆ ಕಳುಹಿಸಿತು. ಆ ವರ್ಷವೂ ಅದರ ಹಿಂದಿನ ವರ್ಷವೂ ಸಾವಿರಾರು ನುರಿತ ಕೆಲಸಗಾರರು ಬೀದಿಗೆ ಬಿದ್ದರು. ಚಿತ್ರಣದ ಸಣ್ಣಪುಟ್ಟ ಕೆಲಸಗಳನ್ನು ಯಂತ್ರಬುದ್ಧಿಗೆ ಒಪ್ಪಿಸುವ ಯತ್ನವೂ ನಡೆದಿದೆ. ಅದರ ಪೆಟ್ಟು ಮೊದಲು ಬೀಳುವುದು ಬಿಡಿಭಾಗಗಳನ್ನು ಮಾತ್ರ ಮಾಡಬಲ್ಲವನ ಮೇಲೆ. ಆದುದರಿಂದ ಇಪ್ಪತ್ತು ಲಕ್ಷ ಉದ್ಯೋಗಗಳ ಮಾತನ್ನು ಭರವಸೆಯೆಂದು ಹಿಡಿದು, ಜಮೀನು ಒತ್ತೆಯಿಟ್ಟು ಶುಲ್ಕ ಕಟ್ಟುವವರು ಒಮ್ಮೆ ನಿಂತು ಯೋಚಿಸಬೇಕು. ಮೂರು ವರ್ಷ ಗಣಿತವನ್ನೂ ಕಂಪ್ಯೂಟರ್ ಶಾಸ್ತ್ರವನ್ನೂ ಚೆನ್ನಾಗಿ ಕಲಿತವನಿಗೆ ಆಟದ ಕಸಬು ಕೈಕೊಟ್ಟರೂ ಬೇರೆ ಬಾಗಿಲು ತೆರೆದಿರುತ್ತದೆ. ಗುಂಡಿಯೊತ್ತಲು ಮಾತ್ರ ಕಲಿತವನಿಗೆ ಅದಿಲ್ಲ.

ಸರ್ಕಾರದವರು ಪ್ರಯೋಗಶಾಲೆಗಳಿಗಾಗಿ ಯಂತ್ರಗಳನ್ನು ಕೊಳ್ಳುವುದರಲ್ಲಿಯೇ ಹಣವನ್ನು ಮುಗಿಸದೆ, ಕಾಲೇಜಿನಲ್ಲಿ ಹುಟ್ಟಿದ ಆಟದ ಹಕ್ಕು ಅದನ್ನು ಕಟ್ಟಿದ ವಿದ್ಯಾರ್ಥಿಗಳದೇ ಎಂದು ನಿಯಮಗಳಲ್ಲಿ ಸ್ಪಷ್ಟವಾಗಿ ಬರೆಯಲಿ. ಒಂದೆರಡು ಆಟಗಳನ್ನಾದರೂ ಸ್ವಂತವಾಗಿ ಹೊರತಂದವರನ್ನು, ಅವರಿಗೆ ಸ್ನಾತಕೋತ್ತರ ಪದವಿ ಇಲ್ಲದಿದ್ದರೂ, ಅಧ್ಯಾಪಕರನ್ನಾಗಿ ನೇಮಿಸಲು ಅವಕಾಶ ಕೊಡಲಿ. ಅಭ್ಯಾಸವಿಲ್ಲದವನು ಪುಸ್ತಕದಿಂದ ಈಜು ಕಲಿಸಿದಂತೆ ಈ ಪಾಠ ನಡೆಯಬಾರದು. ಇನ್ನು ತಂದೆತಾಯಿಗಳು ಪ್ರವೇಶಪತ್ರಕ್ಕೆ ರುಜು ಹಾಕುವ ಮೊದಲು ಆ ಕಾಲೇಜಿಗೆ ಹೋಗಿ, ಕಟ್ಟಡವನ್ನೂ ಜಾಹೀರಾತನ್ನೂ ನೋಡುವುದರ ಬದಲು, ಹೋದ ವರ್ಷದ ವಿದ್ಯಾರ್ಥಿಗಳು ಕಟ್ಟಿ ಮುಗಿಸಿದ ಆಟವೊಂದನ್ನು ತೋರಿಸಿರೆಂದು ಕೇಳಿ, ಅಲ್ಲಿಯೇ ಕುಳಿತು ಅರ್ಧ ಗಂಟೆ ಆಡಿ ಬರಲಿ.