ಡ್ರಮ್ ಒಲೆ ಅಗ್ಗವಾಗಿರಲಿ, ಜೀವ ಅಗ್ಗವಾಗದಿರಲಿ

ಬಕ್ರೀದ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತಾ ಬರುತ್ತಿದೆ. 2024ರಲ್ಲಿ ಜೂನ್ 17ಕ್ಕೆ ಬಂದ ಹಬ್ಬ 2025ರಲ್ಲಿ ಜೂನ್ 7ಕ್ಕೆ ಬಂತು. ಇದೇ ಲೆಕ್ಕದಲ್ಲಿ ಇನ್ನು ಕೆಲವು ವರ್ಷ ಹಬ್ಬ ನಡುಬೇಸಿಗೆಯಲ್ಲೇ. ಮಂಗಳೂರು, ಉಳ್ಳಾಲದವರಿಗೆ ಮೇ ತಿಂಗಳೆಂದರೆ ಬೆವರು. ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಮೇ ತಿಂಗಳೆಂದರೆ 42 ಡಿಗ್ರಿ ಬಿಸಿಲು. ವ್ಯಾಪಾರ, ಹೋಟೆಲು, ಬೇಕರಿ, ಮದ್ರಸ ಎಂದು ಕರಾವಳಿ ಬಿಟ್ಟು ಕಲಬುರಗಿ ಜಿಲ್ಲೆಯ ಈ ಮೂರು ತಾಲೂಕುಗಳಿಗೆ ಬಂದಿರುವ ಬ್ಯಾರಿ ಮನೆಗಳಿಗೆ ಹಬ್ಬದ ಮರುದಿನ ಒಂದೇ ಚಿಂತೆ: ಇಷ್ಟು ಮಾಂಸವನ್ನು ಈ ಸೆಕೆಯಲ್ಲಿ ಏನು ಮಾಡುವುದು? ಫ್ರಿಜ್ ಚಿಕ್ಕದು, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ.

ಇದಕ್ಕೆ ನಮ್ಮ ಹುಡುಗರು ಹುಡುಕಿಕೊಂಡಿರುವ ಪರಿಹಾರ ಡ್ರಮ್ ಒಲೆ. ಗಲ್ಫ್‌ಗೆ ಹೋಗಿ ಬಂದವರು ಅಲ್ಲಿ ಮಂದಿ, ಅಲ್‌ಫಹಮ್ ಮಾಡುವುದನ್ನು ಕಂಡಿದ್ದಾರೆ. ಉಳಿದವರು ಮೊಬೈಲಿನಲ್ಲಿ ನೋಡಿದ್ದಾರೆ. ಗುಜರಿಯಿಂದ ಒಂದು ಹಳೆಯ 200 ಲೀಟರಿನ ಡ್ರಮ್ ತಂದು, ವೆಲ್ಡಿಂಗ್ ಅಂಗಡಿಯಲ್ಲಿ ಕೊಯ್ಯಿಸಿ, ಒಳಗೆ ಜಾಲರಿ ಇಟ್ಟು, ಕೆಳಗೆ ಬೆಂಕಿ ಹಾಕಿ, ಮುಚ್ಚಳ ಮುಚ್ಚಿದರೆ ಸ್ಮೋಕರ್ ತಯಾರು. ಹಿತ್ತಲಲ್ಲಿ ಘಮಘಮ. ಇದರಲ್ಲಿ ನಮಗೆ ಆಕ್ಷೇಪ ಇಲ್ಲ. ಹೋಟೆಲಿಗೆ ಕೊಡುವ ದುಡ್ಡು ಉಳಿಯುತ್ತದೆ, ಮನೆಮಂದಿ ಒಟ್ಟಿಗೆ ಕೂತು ಉಣ್ಣುತ್ತಾರೆ. ನಮ್ಮ ತಕರಾರು ಒಂದೇ. ದುಡ್ಡು ಉಳಿಸಬೇಕಾದ ಕಡೆ ಬಿಟ್ಟು, ಉಳಿಸಬಾರದ ಕಡೆ ಉಳಿಸುತ್ತಿದ್ದೇವೆ.

ಮದ್ರಸದಲ್ಲಿ ಪಾಠ ಹೇಳುವ ನಮಗೆ ಕಬ್ಬಿಣದ ಕೆಲಸ ಯಾಕೆ ಎಂದು ಯಾರಾದರೂ ಕೇಳಬಹುದು. ಮಾಂಸ ಕೆಡದಂತೆ ಇಡುವುದು ದೀನಿಗೆ ಹೊರಗಿನ ವಿಷಯವೇನಲ್ಲ. ದುಲ್‌ಹಜ್ 11, 12, 13ನ್ನು ಅಯ್ಯಾಮುತ್ತಶ್ರೀಕ್ ಎನ್ನುತ್ತೇವೆ. ತಶ್ರೀಕ್ ಎಂದರೆ ಖುರ್ಬಾನಿಯ ಮಾಂಸವನ್ನು ಸೀಳಿ ಬಿಸಿಲಿಗೆ ಹರವುವುದು ಎಂದು ಉಲಮಾಗಳು ಅರ್ಥ ಹೇಳಿದ್ದಾರೆ. ಒಣಮಾಂಸಕ್ಕೆ ಅರಬಿಯಲ್ಲಿ ಖದೀದ್ ಎಂಬ ಹೆಸರೇ ಇದೆ. ಪ್ರವಾದಿ (ಸ.ಅ.) ಒಂದು ವರ್ಷ ಊರಿಗೆ ಬಂದ ಬಡವರ ಸಲುವಾಗಿ ಮೂರು ದಿನಕ್ಕಿಂತ ಹೆಚ್ಚು ಮಾಂಸ ಇಟ್ಟುಕೊಳ್ಳಬೇಡಿ ಎಂದರು. ಮುಂದಿನ ವರ್ಷ ಉಣ್ಣಿ, ಉಣಿಸಿ, ಕೂಡಿಡಿ ಎಂದು ಅನುಮತಿ ಕೊಟ್ಟರು. ಕೂಡಿಡುವ ಮಾತು ಕೊನೆಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ನಮ್ಮ ಶಾಫಿಈ ಮದ್ಹಬ್‌ನಲ್ಲಿ ಉಳ್‌ಹಿಯ್ಯತ್‌ನಲ್ಲಿ ಬಡವರಿಗೆ ಸಲ್ಲಲೇಬೇಕಾದ ಪಾಲನ್ನು ಹಸಿ ಮಾಂಸವಾಗಿಯೇ ಕೊಡಬೇಕು. ಬೇಯಿಸಿದ್ದಾಗಲಿ ಒಣಗಿಸಿದ್ದಾಗಲಿ ಆ ಪಾಲಿಗೆ ಸಲ್ಲದು. ಹಾಗಾಗಿ ಮೊದಲು ಪಾಲು ಹಂಚಿ, ಆಮೇಲೆ ಡ್ರಮ್ಮಿಗೆ ಬೆಂಕಿ ಹಾಕಿ. ಉಳ್‌ಹಿಯ್ಯತ್‌ನ ಮಾಂಸವನ್ನು ಹೊಗೆ ಹಾಕಿ ಮಾರುವ ಆಲೋಚನೆಯಂತೂ ಬೇಡವೇ ಬೇಡ.

ಈಗ ಡ್ರಮ್ಮಿನ ಮಾತಿಗೆ ಬರೋಣ. ಈ ಕಡೆ ತೊಗರಿ, ಹತ್ತಿ, ಕಬ್ಬಿನ ಸೀಮೆ. ಬೆಳೆಗೆ ಹೊಡೆಯುವ ಔಷಧಿ, ಟ್ರ್ಯಾಕ್ಟರಿನ ಆಯಿಲ್, ಬಣ್ಣ, ತಿನ್ನರ್ ಎಲ್ಲ ತುಂಬಿ ಬಂದ ಡ್ರಮ್ಮುಗಳು ಗುಜರಿಯಲ್ಲಿ ಒಟ್ಟಿಗೆ ಬಿದ್ದಿರುತ್ತವೆ. ತೊಳೆದು ನಿಲ್ಲಿಸಿದರೆ ನೋಡಲು ಎಲ್ಲ ಒಂದೇ. ಕೀಟನಾಶಕ ತುಂಬಿದ್ದ ಡ್ರಮ್ಮನ್ನು ಸಾಬೂನಿನಲ್ಲಿ ಎಷ್ಟು ತೊಳೆದರೂ, ಎಷ್ಟು ಸುಟ್ಟರೂ ಅಡುಗೆಗೆ ಬಳಸಬಾರದು. ಅಡುಗೆ ಎಣ್ಣೆ, ಬೆಲ್ಲದ ಪಾಕ, ಹಣ್ಣಿನ ರಸ ತುಂಬಿದ್ದು ಎಂದು ಕಣ್ಣಾರೆ ಕಂಡ, ಲೇಬಲ್ ಇರುವ ಡ್ರಮ್ ಮಾತ್ರ ತನ್ನಿ. ಬೇಕರಿ, ಹೋಟೆಲು ನಡೆಸುವವರು ನಮ್ಮಲ್ಲೇ ಇದ್ದಾರೆ, ಅವರನ್ನು ಕೇಳಿದರೆ ಸಿಗುತ್ತದೆ. ಒಳಗೆ ಏನಿತ್ತು ಎಂದು ಹೇಳಲಾಗದ ಡ್ರಮ್ಮನ್ನು ಪುಕ್ಕಟೆ ಕೊಟ್ಟರೂ ಬೇಡ.

ಕೊಯ್ಯುವಾಗಲೂ ಎಚ್ಚರ ಬೇಕು. ಪೆಟ್ರೋಲು, ತಿನ್ನರ್ ಇದ್ದ ಮುಚ್ಚಿದ ಡ್ರಮ್ಮಿಗೆ ಗ್ರೈಂಡರ್ ಇಟ್ಟರೆ, ಒಳಗೆ ಉಳಿದ ಆವಿಗೆ ಕಿಡಿ ತಗುಲಿ ಡ್ರಮ್ಮೇ ಸಿಡಿಯುತ್ತದೆ. ಖಾಲಿ ಎಂದು ಕಾಣುವ ಡ್ರಮ್ಮೇ ಹೆಚ್ಚು ಅಪಾಯ, ಯಾಕೆಂದರೆ ಹತ್ತಿಕೊಳ್ಳುವುದು ಎಣ್ಣೆಗಿಂತ ಅದರ ಆವಿ. ಎಣ್ಣೆ ಡ್ರಮ್ಮಿನ ಒಳಗೂ ಸಾಮಾನ್ಯವಾಗಿ ತೆಳುವಾದ ಬಣ್ಣದ ಲೇಪ ಇರುತ್ತದೆ. ಮೊದಲ ದಿನ ಮಾಂಸ ಇಡದೆ, ಬಯಲಿನಲ್ಲಿ ಕಟ್ಟಿಗೆ ತುಂಬಿ ಎರಡು ಮೂರು ತಾಸು ಜೋರಾಗಿ ಉರಿಸಿ. ಆ ಹೊಗೆಯ ಹತ್ತಿರ ಮಕ್ಕಳು ಬೇಡ. ಆರಿದ ಮೇಲೆ ತಂತಿ ಬ್ರಶ್‌ನಿಂದ ಬರಿಯ ಕಬ್ಬಿಣ ಕಾಣುವ ತನಕ ಉಜ್ಜಿ, ತೊಳೆದು, ಅಡುಗೆ ಎಣ್ಣೆ ಸವರಿ ಇನ್ನೊಮ್ಮೆ ಕಾಯಿಸಿ. ದೋಸೆ ಕಾವಲಿಯನ್ನು ಪಳಗಿಸುವ ಹಾಗೆ.

ಜಾಲರಿಗೆ ಬಿಳಿಯಾಗಿ ಹೊಳೆಯುವ, ಸತುವಿನ ಲೇಪವಿರುವ ತಂತಿ ಬೇಡ. ಬೆಂಕಿಯ ಕಾವಿಗೆ ಸತು ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಾಡಿದರೆ ಚಳಿಜ್ವರ ಬರುತ್ತದೆ. ಸಾದಾ ಕಬ್ಬಿಣದ ಸರಳು ಇಲ್ಲವೇ ಸ್ಟೀಲ್ ಇರಲಿ. ಡ್ರಮ್ಮಿನ ತಳದ ಹತ್ತಿರ ಗಾಳಿಗೆ ಮೂರು ನಾಲ್ಕು ತೂತು, ಅವನ್ನು ಮುಚ್ಚಿ ತೆರೆಯಲು ತಗಡು, ಮುಚ್ಚಳದಲ್ಲಿ ಹೊಗೆ ಹೋಗಲು ಒಂದು ಕೊಳವೆ. ಬೆಂಕಿ ಹೆಚ್ಚು ಕಡಿಮೆ ಮಾಡುವುದು ಈ ತೂತುಗಳಿಂದಲೇ. ಮಾಂಸದ ಕೆಳಗೆ ಒಂದು ತಟ್ಟೆ ಇಟ್ಟರೆ ಕೊಬ್ಬು ಬೆಂಕಿಗೆ ಬಿದ್ದು ಭುಗ್ಗೆನ್ನುವುದಿಲ್ಲ. ತಯಾರಾದದ್ದನ್ನೇ ಕೊಳ್ಳುವವರೂ ಇವನ್ನೇ ನೋಡಬೇಕು: ಒಳಗೆ ಬಣ್ಣ ಇದೆಯೇ, ಜಾಲರಿ ಯಾವುದರದು, ಕಾಲು ಅಲುಗಾಡುತ್ತದೆಯೇ, ಮುಚ್ಚಳ ಸರಿ ಕೂರುತ್ತದೆಯೇ. ಹೊರಗಿನ ಮಿರುಗು ನೋಡಿ ದುಡ್ಡು ಕೊಡಬೇಡಿ.

ಒಲೆ ಇಡುವ ಜಾಗದ್ದು ಇಲ್ಲಿ ಬೇರೆಯೇ ಸಮಸ್ಯೆ. ಈ ಕಡೆಯ ಮನೆಗಳ ಅಂಗಳಕ್ಕೆ, ಮಾಳಿಗೆಗೆ ಶಹಾಬಾದ್ ಕಲ್ಲಿನ ಪರಸಿ ಹಾಸಿರುತ್ತಾರೆ. ಅದು ಸುಣ್ಣದ ಕಲ್ಲು. ಮೇಲೆ ನೇರ ಬೆಂಕಿ ಬಿದ್ದರೆ ಸೀಳುತ್ತದೆ, ಚಕ್ಕೆ ಸಿಡಿಯುತ್ತದೆ. ಡ್ರಮ್ಮಿನ ಕೆಳಗೆ ದಪ್ಪಗೆ ಮರಳು ಹರವಿ, ಸುಟ್ಟ ಇಟ್ಟಿಗೆ ಜೋಡಿಸಿ, ಅದರ ಮೇಲೆ ನಿಲ್ಲಿಸಿ. ಗೋಡೆ, ಗ್ಯಾಸ್ ಸಿಲಿಂಡರ್, ಕಣಕಿಯ ಬಣವಿ ಇವುಗಳಿಂದ ಕನಿಷ್ಠ 10 ಅಡಿ ದೂರ ಇರಲಿ. ಬೇಸಿಗೆಯ ಗಾಳಿಗೆ ಒಂದು ಕಿಡಿ ಹಾರಿದರೆ ಬಡವನ ಒಂದು ವರ್ಷದ ಮೇವು ಬೂದಿ. ಮಳೆ ಬಂತೆಂದು ಡ್ರಮ್ಮನ್ನು ಪಡಸಾಲೆಗೋ ಶೆಡ್ಡಿಗೋ ತರಲೇಬಾರದು. ಮುಚ್ಚಿದ ಜಾಗದಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಕೂತಲ್ಲೇ ಕೊಲ್ಲುತ್ತದೆ. ಮದೀನಾದಲ್ಲಿ ಒಂದು ಮನೆ ರಾತ್ರಿ ಮಂದಿ ಸಮೇತ ಸುಟ್ಟುಹೋದಾಗ, ಬೆಂಕಿ ನಿಮ್ಮ ವೈರಿ, ಮಲಗುವ ಮುಂಚೆ ಆರಿಸಿ ಎಂದು ಪ್ರವಾದಿ (ಸ.ಅ.) ಹೇಳಿದ್ದನ್ನು ಮಕ್ಕಳಿಗೆ ಓದಿಸುವ ನಾವು, ಕೆಂಡಕ್ಕೆ ನೀರು ಹಾಕದೆ ಮಲಗಲು ಹೋಗಬಾರದು.

ಕಟ್ಟಿಗೆಗೆ ದುಡ್ಡು ಕೊಡಬೇಕಾಗಿಲ್ಲ. ಹೊಲದ ಬದುವಿನಲ್ಲಿ ಬೇಡಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿ ಇದೆಯಲ್ಲ, ಅಮೆರಿಕದವರು ಮಾಂಸಕ್ಕೆ ಹೊಗೆ ಹಾಕಲು ಹುಡುಕುವ ಮೆಸ್ಕೀಟ್ ಅದರ ಬಳಗದ್ದೇ. ತೊಗಟೆ ತೆಗೆದು, ಕೆಲವು ತಿಂಗಳು ಒಣಗಿಸಿದ ಜಾಲಿ, ಮಾವು, ಹುಣಸೆ ಸಾಕು. ಬೇವಿನ ಹೊಗೆ ಕಹಿ. ಕಣಗಿಲೆ ಗಿಡ ವಿಷ, ಅದರ ಕಡ್ಡಿಯೂ ಒಲೆಯ ಹತ್ತಿರ ಸುಳಿಯಬಾರದು. ಪ್ಲೈವುಡ್, ಬಣ್ಣ ಬಳಿದ ಬಾಗಿಲು, ಟಯರು, ಪ್ಲಾಸ್ಟಿಕ್ ಚೀಲ ಬೇಡ. ಔಷಧಿ ಹೊಡೆದ ತೊಗರಿ ಕಟ್ಟಿಗೆಯೂ ಮಾಂಸದ ಕೆಳಗೆ ಬೇಡ. ಹೊತ್ತಿಸಲು ಸೀಮೆಎಣ್ಣೆ ಸುರಿಯಬೇಡಿ. ಊರಿಂದ ಬರುವಾಗ ಒಂದು ಚೀಲ ಗೆರಟೆ ತಂದರೆ ವರ್ಷಕ್ಕಾಯಿತು.

ಇನ್ನು ಮುಖ್ಯ ಮಾತು. ಹೊಗೆ ತಾಗಿದ ಮಾಂಸ ಕೆಡುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದು ತಿಂಗಳುಗಟ್ಟಲೆ ಉಳಿಯುತ್ತಿತ್ತಲ್ಲ ಎನ್ನುತ್ತಾರೆ. ಅಲ್ಲಿ ಕಾದದ್ದು ಹೊಗೆಯೊಂದೇ ಅಲ್ಲ, ಉಪ್ಪು ಮತ್ತು ಪೂರ್ತಿ ಒಣಗಿದ್ದು. ಒಣಮೀನು ಕಲ್ಲಿನ ಹಾಗೆ ಆಗುವುದನ್ನು ಕಂಡ ಕರಾವಳಿಯವರಿಗೆ ಇದು ಗೊತ್ತಿರಬೇಕು. ಡ್ರಮ್ಮಿನಲ್ಲಿ ಮೂರು ತಾಸು ಬೆಂದ ಮಾಂಸ ಒಳಗೆ ಹಸಿಹಸಿ ಇರುತ್ತದೆ. ಅದು ಬೇಯಿಸಿದ ಸಾರಿನ ಹಾಗೆಯೇ, ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು.

5 ಡಿಗ್ರಿಯಿಂದ 60 ಡಿಗ್ರಿ ತನಕದ ಬಿಸಿಯಲ್ಲಿ ರೋಗಾಣು ಬೆಳೆಯುತ್ತದೆ. ನಮ್ಮ ಮೇ ತಿಂಗಳ ನೆರಳೂ ಇದರೊಳಗೇ ಬಂತು. 32 ಡಿಗ್ರಿಗಿಂತ ಸೆಕೆ ಇದ್ದಾಗ ಹಸಿ ಮಾಂಸವನ್ನು ಒಂದು ತಾಸಿಗಿಂತ ಹೆಚ್ಚು ಹೊರಗೆ ಇಡಬಾರದು. ಮಸಾಲೆ ಹಚ್ಚಿದ್ದರೂ ಅಷ್ಟೇ. ಡ್ರಮ್ಮಿನೊಳಗೆ 110ರಿಂದ 135 ಡಿಗ್ರಿ ಶಾಖ ಇರಲಿ. ಮಾಂಸದ ನಡುವಿಗೆ ಚುಚ್ಚುವ ಥರ್ಮಾಮೀಟರ್ 74 ಡಿಗ್ರಿ ತೋರಿಸಿದ ಮೇಲೆಯೇ ಇಳಿಸಿ. ಕೋಳಿಗೆ ಇದು ಕಡ್ಡಾಯ. ಎಲ್ಲಕ್ಕೂ ಒಂದೇ ಲೆಕ್ಕ ಇಟ್ಟುಕೊಂಡರೆ ನೆನಪಿಡಲು ಸುಲಭ. ಮುಚ್ಚಳದ ಮೇಲಿನ ಮೀಟರು ಡ್ರಮ್ಮಿನ ಶಾಖ ಹೇಳುತ್ತದೆ, ಮಾಂಸದ್ದಲ್ಲ. ಹೊಗೆಯ ಕಂದು ಬಣ್ಣ ಕಂಡು ಬೆಂದಿದೆ ಎಂದುಕೊಂಡರೆ ಮೋಸ ಹೋದಂತೆ.

2022ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಅಂಗಡಿಯೊಂದರ ಶವರ್ಮಾ ತಿಂದು 16 ವರ್ಷದ ವಿದ್ಯಾರ್ಥಿನಿ ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು. ರೋಗಿಗಳಲ್ಲಿ ಶಿಗೆಲ್ಲಾ ಎಂಬ ರೋಗಾಣು ಪತ್ತೆಯಾಯಿತು. ಅಂಗಡಿಗಾದರೆ ಅಧಿಕಾರಿ ಬಂದು ಬೀಗ ಹಾಕುತ್ತಾರೆ. ನಮ್ಮ ಹಿತ್ತಲಿಗೆ ಯಾವ ಅಧಿಕಾರಿ ಬರುತ್ತಾರೆ? ಅಲ್ಲಿ ಉಮ್ಮನೇ ಇನ್‌ಸ್ಪೆಕ್ಟರ್, ಬಾಪನೇ ಜವಾಬ್ದಾರ.

ನಮ್ಮ ಹಿರಿಯರು ಥರ್ಮಾಮೀಟರ್ ಇಟ್ಟುಕೊಂಡು ಅಡುಗೆ ಮಾಡಿದ್ದರೇ ಎಂದು ಕೆಲವರು ನಗುತ್ತಾರೆ. ಹಿರಿಯರು ಕೊಯ್ದ ಮಾಂಸವನ್ನು ಅದೇ ಹೊತ್ತು ಕುದಿಸಿ ಉಂಡರು, ಔಷಧಿ ಡ್ರಮ್ಮಿನಲ್ಲಿ ಸುಡಲಿಲ್ಲ. ಇನ್ನು ಕೆಲವರು, ಇಷ್ಟೆಲ್ಲ ಮಾಡಿದರೆ ಅಗ್ಗ ಎಲ್ಲಿ ಉಳಿಯಿತು ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಅದಕ್ಕೇ ನಾವು ಹೇಳುವುದು, ಮನೆಗೊಂದು ಡ್ರಮ್ ಯಾಕೆ? ನಾಲ್ಕು ಮನೆ ಸೇರಿ ಒಂದು ಮಾಡಿ. ಒಳ್ಳೆಯ ಡ್ರಮ್, ಸ್ಟೀಲ್ ಜಾಲರಿ, ಕೆಲವು ನೂರು ರೂಪಾಯಿಯ ಥರ್ಮಾಮೀಟರ್, ಎಲ್ಲದರ ಖರ್ಚು ನಾಲ್ಕು ಪಾಲಾಗುತ್ತದೆ. ಜಾಗ ಇರುವವರ ಹಿತ್ತಲಲ್ಲಿ ಇರಲಿ, ಬೆಂಕಿ ಕಾಯುವ ಪಾಳಿ ಹಂಚಿಕೊಳ್ಳಿ. ದಿನಾ ತಿನ್ನುವ ವಸ್ತುವೂ ಇದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ, ಹೊಗೆ ಹಾಕಿದ್ದೂ ಸೇರಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಬ್ಬಕ್ಕೆ, ನೆಂಟರಿಗೆ ಸಾಕು.

ಹೊಗೆಗೆ ಬೇಲಿ ಗೊತ್ತಿಲ್ಲ ಎಂಬುದನ್ನೂ ಮರೆಯಬಾರದು. ಈ ಊರುಗಳಲ್ಲಿ ನಮ್ಮ ಗೋಡೆಗೆ ಗೋಡೆ ತಾಗಿ ಮಾಂಸ ಮುಟ್ಟದ ಮನೆಗಳಿವೆ. ಕರಾವಳಿಯಿಂದ ಬಂದ ನಮಗೆ ಬಾಡಿಗೆಗೆ ಮನೆ ಕೊಟ್ಟವರು, ಕಷ್ಟಕ್ಕೆ ಬಂದವರು ಅವರಲ್ಲೂ ಇದ್ದಾರೆ. ಸಾರಿಗೆ ನೀರು ಹೆಚ್ಚು ಹಾಕಿ ನೆರೆಯವರನ್ನು ನೆನೆಯಿರಿ ಎಂದು ಅಬೂದರ್ (ರ) ಅವರಿಗೆ ಪ್ರವಾದಿ (ಸ.ಅ.) ಹೇಳಿದ್ದರು. ತಿನ್ನದ ನೆರೆಯವರಿಗೆ ಸಾರು ಕೊಡಲಾಗದು, ಹೊಗೆ ಕೊಡದೆ ಇರಬಹುದು. ಗಾಳಿ ಯಾವ ಕಡೆ ಬೀಸುತ್ತದೆ ನೋಡಿ, ಅವರ ಪೂಜೆ, ಉಪವಾಸದ ದಿನ ಬಿಟ್ಟು, ಒಂದು ಮಾತು ಮುಂಚೆಯೇ ಹೇಳಿ ಒಲೆ ಹಚ್ಚಿ.

ಈ ಬಕ್ರೀದ್‌ಗೆ ಡ್ರಮ್ ತರಲು ಹೊರಟವರಿಗೆ ನಮ್ಮದು ಒಂದೇ ಕೇಳಿಕೆ. ಗುಜರಿಯವನ ಹತ್ತಿರ ಬೆಲೆ ಕೇಳುವ ಮುಂಚೆ, ಇದರಲ್ಲಿ ಮೊದಲು ಏನಿತ್ತು ಎಂದು ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಸಲಾಂ ಹೇಳಿ ಹೊರಟು ಬನ್ನಿ. ಮನೆಯ ತಾಮ್ರದ ಚೆಂಬಿನಲ್ಲಿ ಬೆಂದ ಮಾಂಸಕ್ಕೂ ಬರಕತ್ ಇದೆ.