ಬಿಸಿಲಿಗೆ ಬಾಡಿಗೆ

ಪಾವಗಡವೆಂದೊಡನೆ ನಮ್ಮವರಿಗೆ ನೆನಪಾಗುವವನು ಶನಿಮಹಾತ್ಮ. ಸಾಡೇಸಾತಿಯ ಕಾಟಕ್ಕೆ ಸಿಕ್ಕವರೆಲ್ಲ ಶನಿವಾರ ಆ ಊರಿನ ದಾರಿ ಹಿಡಿಯುತ್ತಾರೆ. ಶನಿಯು ಸೂರ್ಯನ ಮಗನೆಂಬುದು ಪುರಾಣ ಬಲ್ಲವರಿಗೆ ತಿಳಿದದ್ದೇ. ತಂದೆಮಕ್ಕಳಿಗೆ ಅಷ್ಟಾಗಿ ಹೊಂದದೆಂದೂ ಜ್ಯೋತಿಷಿಗಳ ಮತ. ಆದರೂ ಮಗನ ಊರಿಗೆ ಈಗ ತಂದೆಯೇ ಬಂದು ಬಿಡಾರ ಹೂಡಿದ್ದಾನೆ.

ತುಮಕೂರು ಜಿಲ್ಲೆಗೆ ಸೇರಿದರೂ ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದಿರುವ ಈ ತಾಲ್ಲೂಕಿನಲ್ಲಿ ಮಳೆಗೆ ಮಾತು ನಿಲ್ಲದು. ನೆಲಗಡಲೆ ಬಿತ್ತಿ ಮುಗಿಲು ನೋಡುವುದು, ಮುಗಿಲು ಕೈಬಿಟ್ಟರೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಕೂಲಿಗೆ ಹೊರಡುವುದು: ಇದು ತಲೆಮಾರುಗಳ ವಾಡಿಕೆ. ಕೊಳವೆಬಾವಿಯಲ್ಲಿ ಸಿಕ್ಕುವ ನೀರಿನಲ್ಲಿಯೂ ಫ್ಲೋರೈಡಿನ ದೋಷ. ಕೊರತೆಯಿಲ್ಲದ ವಸ್ತು ಬಿಸಿಲೊಂದೇ. ಅದನ್ನು ಶಪಿಸದ ರೈತನೇ ಅಲ್ಲಿರಲಿಲ್ಲ.

ಆ ಬಿಸಿಲಿಗೇ ಈಗ ಬೆಲೆ ಬಂದಿದೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ, 2018ರ ಮಾರ್ಚಿಯಲ್ಲಿ ‘ಶಕ್ತಿಸ್ಥಳ’ವೆಂಬ ಸೌರ ಉದ್ಯಾನ ಉದ್ಘಾಟನೆಯಾಯಿತು. 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವಾಟನ್ನು ಮುಟ್ಟಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಸಿಲಿಕಾನ್ ಫಲಕಕ್ಕೆ ಬೇಕಾದದ್ದು ಬೆಳಕೇ ಹೊರತು ತಾಪವಲ್ಲ. 25 ಡಿಗ್ರಿಯನ್ನು ಮೀರಿ ಕಾದರೆ, ಒಂದೊಂದು ಡಿಗ್ರಿಗೂ ಅದರ ಶಕ್ತಿ ನೂರಕ್ಕೆ ಸುಮಾರು 0.4ರಷ್ಟು ಕುಂದುತ್ತದೆ. ಧೂಳು ಕವಿದರೆ ತೊಳೆಯಲು ನೀರೂ ಬೇಕು. ನೀರಿಲ್ಲದ ಸೀಮೆಯಲ್ಲಿ ಗಾಜಿಗೆ ಸ್ನಾನ!

ಆದರೆ ನಾವು ಮುಖ್ಯವಾಗಿ ಮೆಚ್ಚಬೇಕಾದದ್ದು ಯಂತ್ರವನ್ನಲ್ಲ, ಕರಾರುಪತ್ರವನ್ನು. ಸರ್ಕಾರವು ಜಮೀನನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ. ಕಾಲು ಶತಮಾನಕ್ಕೂ ಮೀರಿದ ಅವಧಿಗೆ ಗೇಣಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಪೇಟೆಯ ಬೆಲೆಗಳು ಏರುವ ವೇಗಕ್ಕೆ ಈ ಏರಿಕೆ ಸಾಟಿಯಲ್ಲ, ನಿಜ. ಆದರೂ ಪಟ್ಟಾ ರೈತನ ಹೆಸರಿನಲ್ಲಿಯೇ ಉಳಿಯಿತು. ಅಣೆಕಟ್ಟಿಗೂ ಕಾರ್ಖಾನೆಗೂ ನೆಲ ಕಳೆದುಕೊಂಡು ಕಛೇರಿಗಳಿಗೆ ಅಲೆದವರ ಕಥೆ ಬಲ್ಲವರಿಗೆ ಇದರ ಬೆಲೆ ತಿಳಿದೀತು. ಹತ್ತು ಎಕರೆಯುಳ್ಳವನಿಗೆ ಮಳೆ ಬರಲಿ, ಬಿಡಲಿ, ವರ್ಷಕ್ಕೆ ಎರಡು ಲಕ್ಷದ ಮೇಲೆ ಖಚಿತ.

ಎಕರೆಯೇ ಇಲ್ಲದವನಿಗೆ?

ನೆಲಗಡಲೆಯ ಹೊಲದಲ್ಲಿ ಕಳೆ ಕೀಳುತ್ತಿದ್ದವರು, ಕಾಯಿ ಬಿಡಿಸುತ್ತಿದ್ದವರು ಬಹುಪಾಲು ಸ್ವಂತ ನೆಲವಿಲ್ಲದ ಹೆಂಗಸರು. ಬೇಸಾಯ ನಿಂತ ದಿನ ಅವರ ಕೂಲಿಯೂ ನಿಂತಿತು. ಕೊಯ್ಲಾದ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡ ಬಂದಿತು. ಕಾವಲು ಕಾಯುವುದು, ಹುಲ್ಲು ಕತ್ತರಿಸುವುದು, ಫಲಕ ಒರೆಸುವುದು, ಇಷ್ಟೇ ಅಲ್ಲಿ ಉಳಿದಿರುವ ಕೆಲಸ. ಅದು ಹಳ್ಳಿಯ ಎಲ್ಲ ಕೈಗಳಿಗೆ ಸಾಲದು. ಬಿಸಿಲಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಂದವರಿಗೆ ಬಿಸಿಲಿನ ಬಾಡಿಗೆಯಲ್ಲಿ ಕಾಸಿನ ಪಾಲಿಲ್ಲ.

ವಿದ್ಯುತ್ತಿನ ಬೆಲೆ ಹೆಚ್ಚೀತೆಂದು ಕೆಲವರು ಹೇಳಬಹುದು. ಸೌರಶಕ್ತಿಯೇನೋ ಅಗ್ಗವಾಗಿದೆ, 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್ಟಿಗೆ 2 ರೂಪಾಯಿ 44 ಪೈಸೆಗೇ ಹರಾಜು ಇಳಿದಿತ್ತು. ಆದರೆ ಲೆಕ್ಕ ಹಾಕಿ ನೋಡೋಣ. ಪಾವಗಡದ ಉದ್ಯಾನವು ದಿನಕ್ಕೆ ಐದು ಗಂಟೆ ಮಾತ್ರ ಪೂರ್ಣಶಕ್ತಿಯಿಂದ ದುಡಿಯುವುದೆಂದು ಹಿಡಿದರೂ, ಒಂದು ಕೋಟಿಗೂ ಮಿಕ್ಕಿ ಯೂನಿಟ್ಟಾಗುತ್ತದೆ. ಯೂನಿಟ್ಟಿಗೆ ಒಂದೇ ಪೈಸೆಯಂತೆ ನೆಲವಿಲ್ಲದ ಮನೆಗಳಿಗೆಂದು ಎತ್ತಿಟ್ಟರೆ ದಿನವೊಂದಕ್ಕೆ ಲಕ್ಷ ರೂಪಾಯಿ, ವರ್ಷಕ್ಕೆ ಮೂರೂವರೆ ಕೋಟಿ. ಇನ್ನೊಂದು ಬಯಲಿನಲ್ಲಿ ಇಂಥದೇ ಕರಾರುಪತ್ರ ಬರೆಯಲು ಕುಳಿತವರು ಆ ಒಂದು ಪೈಸೆಗೂ ಒಂದು ಸಾಲು ಬಿಡಲಿ.